ಅವರೆ ಬಿಟ್ಟ ಮನೆ

“ಇನ್ನೂ ಯಾರಾದ್ರೂ ಬರೋರಿದಾರಾ ಮೇಡಂ?”

ಬಡಿಸುವ ಗಂಗಾಧರಯ್ಯ ಇದನ್ನು ಕೇಳಿದ್ದು ಮೊದಲ ಸಲವೇನಲ್ಲ. ನೀರು ತಂದಾಗ ಕೇಳಿದ್ದ, ಎಲೆ ಹಾಕುವಾಗ ಕೇಳಿದ್ದ, ಈಗ ಸುಮ್ಮನೆ ಆ ಕಡೆ ಹೋಗುತ್ತಿದ್ದವನು ತಿರುಗಿ ಬಂದು ಕೇಳಿದ.

“ಬರ್ತಾರೆ,” ಎಂದಳು ವಾರಿಜಾ.

“ಯಜಮಾನ್ರಾ?”

“ಯಜಮಾನ್ರಿಲ್ಲ. ಕೆಲಸದ ಮೇಲೆ ಬರೋರು. ನಾನು ಪತ್ತೇದಾರಿ.”

“ಓ… ದಾರಿ ತೋರಿಸೋರು,” ಎಂದು ಗಂಗಾಧರಯ್ಯ ಭಕ್ತಿಯಿಂದ ತಲೆಯಾಡಿಸಿ, ಎದುರಿನ ಖಾಲಿ ಕುರ್ಚಿಯನ್ನು ಇನ್ನೊಂದು ಸಲ ಒರೆಸಿ ಹೋದ.

ಖಾಲಿ ಕುರ್ಚಿಗಳ ಪರಿಚಯ ವಾರಿಜಾಳಿಗೆ ಚೆನ್ನಾಗಿಯೇ ಇತ್ತು. ಜಯನಗರದ ಮಹಡಿಯ ಮೇಲಿನ ಅವಳ ಆಫೀಸಿನಲ್ಲಿ ಎರಡು ಕುರ್ಚಿ. ಒಂದರ ಮೇಲೆ ಅವಳು, ಇನ್ನೊಂದರ ಮೇಲೆ ಅವಳ ಛತ್ರಿ. ಹುಡುಗ ಕುಡಿಯುತ್ತಾನಾ, ಕೆಲಸ ನಿಜವಾ, ಮನೆ ಸ್ವಂತದ್ದಾ ಎಂದು ವಿಚಾರಿಸಿ ವಿಚಾರಿಸಿ ಅವಳು ಎಷ್ಟು ಮದುವೆ ಕೂಡಿಸಿದ್ದಳೆಂದರೆ, ಅಷ್ಟೂ ಮದುವೆಯ ಹಾರಗಳನ್ನು ಒಂದಕ್ಕೊಂದು ಗಂಟು ಹಾಕಿದ್ದರೆ ಬನಶಂಕರಿ ಗುಡಿಯಿಂದ ಮಡಿವಾಳದ ಕೆರೆ ಮುಟ್ಟಿ ವಾಪಸ್ಸು ಬರುತ್ತಿತ್ತು. ಅದರಲ್ಲಿ ಒಂದು ಊಟಕ್ಕೂ ಅವಳಿಗೆ ಕರೆಯೋಲೆ ಬಂದಿರಲಿಲ್ಲ. ಗಂಡಿನ ಗುಟ್ಟು ಬಲ್ಲವಳನ್ನು ಮದುವೆಯ ಪಂಕ್ತಿಯಲ್ಲಿ ಕೂರಿಸುವವರು ಯಾರು?

ಹೋಟೆಲು ಋತುಮಹಲ್ ಜೆ.ಪಿ. ನಗರಕ್ಕೇ ದೊಡ್ಡದು. ಅದರ ಬಾಗಿಲು ಎಷ್ಟು ಎತ್ತರವೆಂದರೆ ದಸರಾ ಆನೆ ಅಂಬಾರಿ ಸಮೇತ ಒಳಗೆ ಬಂದು, ಕಾಫಿ ಕುಡಿದು, ತಲೆ ಬಗ್ಗಿಸದೆ ಹೊರಗೆ ಹೋಗಬಹುದು. ನೆಲ ಎಷ್ಟು ನುಣುಪೆಂದರೆ ಅಡುಗೆಮನೆಯಿಂದ ಒಂದು ಚಮಚ ಜಾರಿದರೆ ಅದು ಗಲ್ಲಾಪೆಟ್ಟಿಗೆಯ ಹತ್ತಿರ ಬಂದೇ ನಿಲ್ಲಬೇಕು. ಮೇಜಿಗೆ ಬಿಳಿ ಬಟ್ಟೆ, ಅದರ ಮೇಲೆ ಬೆಳ್ಳಿಬಣ್ಣದ ತಟ್ಟೆ, ತಟ್ಟೆಯ ಮೇಲೆ ಅದರ ಅಳತೆಗೆ ಕತ್ತರಿಸಿದ ಬಾಳೆಲೆ. ಯಾವುದೋ ಮೂಲೆಯಿಂದ ವೀಣೆಯ ಟೇಪು.

ಮಾಲೀಕರಿಗೊಂದು ಹಟವಿತ್ತು. ಎತ್ತಿನ ಗಾಡಿಯಲ್ಲಿ ಬೆಳಿಗ್ಗೆ ಹೊರಟು ಊಟದ ಹೊತ್ತಿಗೆ ಬಂದು ಸೇರುವಷ್ಟು ದೂರದ ಹೊಲಗಳಲ್ಲಿ, ಆ ತಿಂಗಳು ಏನು ಬೆಳೆಯುತ್ತದೋ ಅದು ಮಾತ್ರ ಇಲ್ಲಿ ಬೇಯಬೇಕು. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ಇವತ್ತು ಅವರೆ, ನವಿಲುಕೋಸು, ದಂಟಿನಸೊಪ್ಪು, ಸೀಬೆಹಣ್ಣು. ಸಂಕ್ರಾಂತಿ ಹತ್ತಿರ ಬಂದಿತ್ತು. ಬೆಂಗಳೂರಿನಲ್ಲಿ ಆ ದಿನಗಳಲ್ಲಿ ಮೂಗು ಇದ್ದವರಿಗೆಲ್ಲ ಅವರೆಯ ಸೊಗಡು ಹಿಡಿದಿರುತ್ತದೆ. ಬಿ.ಟಿ.ಎಸ್. ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಟ್ಟರೆ ಟಿಕೆಟಿಗೂ ಅದೇ ವಾಸನೆ.

ವಾರಿಜಾ ಈ ಹೋಟೆಲನ್ನು ಆರಿಸಿದ್ದೂ ಆ ಅವರೆಗಾಗಿಯೇ.

ಸಾರಕ್ಕಿಯ ನಾರಾಯಣಮ್ಮನ ತಮ್ಮ ಉಗ್ರಪ್ಪ ಇಪ್ಪತ್ತು ವರ್ಷಗಳ ಹಿಂದೆ ಮನೆ ಬಿಟ್ಟು ಹೋದವನು. ಹೋದ ಭಾನುವಾರ ಒಬ್ಬ ಬಂದು “ಅಕ್ಕಾ, ನಾನೇ” ಎಂದು ಬಾಗಿಲಲ್ಲಿ ನಿಂತಿದ್ದ. ಅವನು ನಿಜವಾಗಿಯೂ ಉಗ್ರಪ್ಪನೋ ಅಲ್ಲವೋ ಎಂದು ಇವತ್ತು ಊಟ ಮುಗಿಯುವುದರೊಳಗೆ ವಾರಿಜಾ ಹೇಳಬೇಕು.

ಹೌದು ಎಂದರೆ ನಾರಾಯಣಮ್ಮನಿಗೆ ತಮ್ಮ ಸಿಕ್ಕ, ಅವಳ ಮನೆಯಲ್ಲಿ ಇನ್ನೊಂದು ಎಲೆ ಬೀಳುತ್ತದೆ. ಅಲ್ಲ ಎಂದರೆ, ಅಪ್ಪನಿಂದ ಅವಳಿಗೆ ಬಂದ ಆ ಮನೆಗೆ ಬೀಗ. ಗಂಡನಿಲ್ಲ, ಮಕ್ಕಳಿಲ್ಲ, ಒಬ್ಬಳೇ ಎಷ್ಟು ದಿನ ಇರುತ್ತೀಯ ಎಂದು ಅವಳ ಮೈದುನನ ಮಗ ತಿಮ್ಮರಾಯಪ್ಪ ಅವಳನ್ನು ಮಡಿವಾಳಕ್ಕೆ, ತನ್ನ ಸಿಮೆಂಟ್ ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗುತ್ತಾನೆ. ಬಂದವನನ್ನು ಪೊಲೀಸ್ ಸ್ಟೇಷನ್ನಿಗೆ ಕೊಡುತ್ತಾನೆ. ವಿಚಾರಣೆ ಆಗಲೇಬೇಕೆಂದು ಹಟ ಹಿಡಿದವನೂ ಅವನೇ.

ಅಷ್ಟರಲ್ಲಿ ಆ ಆನೆಬಾಗಿಲಲ್ಲಿ ಇಬ್ಬರು ಕಾಣಿಸಿಕೊಂಡರು.

ನಾರಾಯಣಮ್ಮ ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಿದ್ದಳು. ಕಾವಲಿನವನು ಅದನ್ನು ಕೈಯಲ್ಲಿ ಹಿಡಿದುಕೊಂಡು ಹಿಂದೆಯೇ ಓಡಿ ಬಂದ.

“ಅಮ್ಮಾ, ಹಾಕ್ಕೊಂಡೇ ಬರ್ಬೋದು!”

“ಊಟ ಮಾಡೋ ಜಾಗಕ್ಕೆ ಎಕ್ಕಡ ಮೆಟ್ಕಂಡು ಬರಾಕಾಯ್ತದೇನಪ್ಪಾ?” ಎಂದು ಅವಳು ಅವನನ್ನೇ ಗದರಿ, ಬರಿಗಾಲಲ್ಲಿ ಆ ನುಣುಪು ನೆಲದ ಮೇಲೆ ಹೆಜ್ಜೆ ಅಳೆಯುತ್ತ ಬಂದಳು. ಹಿಂದೆ ಆ ಮನುಷ್ಯ. ನಲವತ್ತು ದಾಟಿದವನು, ತೆಳ್ಳಗೆ, ತಲೆಗೆ ಎಣ್ಣೆ. ಹೆಸರು ಉಗ್ರಪ್ಪನಾದರೂ ಮುಖದಲ್ಲಿ ಉಗ್ರ ಹುಡುಕಿದರೂ ಇರಲಿಲ್ಲ. ನೊಣ ಬಂದು ಕೂತರೂ ಅಪ್ಪಣೆ ಕೇಳಿ ಓಡಿಸುವ ಪೈಕಿ.

“ಕೂತ್ಕೋ ತಮ್ಮಾ,” ಎಂದಳು ನಾರಾಯಣಮ್ಮ.

‘ತಮ್ಮಾ’ ಎಂದಾಗ ಅವಳ ದನಿ ಸಣ್ಣದಾಯಿತು. ಬಹಳ ದಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಸೀರೆಯನ್ನು ಹರಿಯುತ್ತೇನೋ ಎಂಬ ಅಂಜಿಕೆಯಿಂದ ಬಿಚ್ಚುತ್ತಾರಲ್ಲ, ಹಾಗೆ.

ವಾರಿಜಾ ನಾಲ್ಕೈದು ದಿನದಿಂದ ಅವನನ್ನು ಜರಡಿ ಹಿಡಿದಿದ್ದಳು. ಹಳೆಯ ಬಾವಿ ಯಾವ ಮೂಲೆಯಲ್ಲಿತ್ತು? ಹೇಳಿದ. ಎತ್ತುಗಳ ಹೆಸರು? ಹೇಳಿದ. ಹುಬ್ಬಿನ ಮೇಲಿನ ಗಾಯ? ಸೀಬೆಮರದಿಂದ ಬಿದ್ದದ್ದು. ಕೇಳುವುದಕ್ಕೆ ಮೊದಲೇ ಉತ್ತರ ಬಾಯಲ್ಲಿ ಸಿದ್ಧವಾಗಿರುತ್ತಿತ್ತು. ಅದೇ ಅವಳಿಗೆ ತೊಡಕಾಗಿತ್ತು. ಇಪ್ಪತ್ತು ವರ್ಷ ಊರು ಬಿಟ್ಟವನು ಎಲ್ಲಾದರೂ ಒಂದು ಕಡೆ ತಡವರಿಸಬೇಡವೇ?

ಸಾರಕ್ಕಿಯ ಮುದುಕಿ ಗೋವಿಂದಮ್ಮ ಮಾತ್ರ ಒಂದು ಮಾತು ಹೇಳಿದ್ದಳು: “ಆ ಹುಡುಗನ್ನ ಅವರೆ ಕಾಲದಲ್ಲಿ ಹೊಲದ ಕಡೆ ಬಿಡ್ತಿರ್ಲಿಲ್ಲ ಕಣವ್ವ. ಬಿಟ್ರೆ ಗಿಡಾನೂ ಮೇದ್ಬಿಡೋನು.” ನಾಲಗೆಗೆ ಪಾಠ ಹೇಳಿಕೊಡುವುದು ಸುಲಭ, ಕೈಗೆ ಕಷ್ಟ. ಅವರೆ ಕಂಡಾಗ ಅವನ ಕೈ ಏನು ಮಾಡುತ್ತದೆ ಎಂದು ನೋಡಬೇಕಿತ್ತು.

ಗಂಗಾಧರಯ್ಯ ಹಿತ್ತಾಳೆಯ ಪಾತ್ರೆ ಹಿಡಿದು ಬಂದ. ಮುಚ್ಚಳ ತೆಗೆದ. ಹಿತಕಿದ ಬೇಳೆಯ ಸಾರು. ವಾಸನೆ ಎಷ್ಟು ಗಟ್ಟಿಯಾಗಿತ್ತೆಂದರೆ ಅದಕ್ಕೂ ಒಂದು ಕುರ್ಚಿ ಹಾಕಬಹುದಿತ್ತು.

“ಕಾಯಿ ನಿನ್ನೆ ಬೆಳಿಗ್ಗೆ ಕಿತ್ತಿದ್ದು ಮೇಡಂ, ಮಂಜು ಬಿದ್ದಿರೋವಾಗ್ಲೇ. ಹಿತಕಿ ಹಿತಕಿ ನಮ್ಮ ಅಡುಗೆಯವ್ರ ಬೆರಳು ಸವೆದು ಹೋಗಿದಾವೆ. ಹಾಕ್ಲಾ ಅಮ್ಮಾ?”

ನಾರಾಯಣಮ್ಮ ಎಲೆಯ ಮೇಲೆ ಕೈ ಅಡ್ಡ ಇಟ್ಟಳು. “ಬ್ಯಾಡಪ್ಪ. ನಂಗೆ ಗ್ಯಾಸು.”

“ಒಂದೇ ಒಂದು ಸೌಟು…”

“ಗ್ಯಾಸು ಅಂದ್ನಲ್ಲ.”

ಗಂಗಾಧರಯ್ಯ ಸಪ್ಪೆ ಮುಖದಲ್ಲಿ ಪಕ್ಕದ ಎಲೆಗೆ ಹೋದ. “ನೀವು ಸಾರ್?”

ವಾರಿಜಾ ಅವನ ಕೈಯನ್ನೇ ನೋಡಿದಳು. ಆ ಕೈ ಮೇಲೆದ್ದಿತು. ನಯವಾಗಿ ಪಾತ್ರೆಯನ್ನು ಹಿಂದಕ್ಕೆ ತಳ್ಳಿತು.

“ನಂಗೂ ಬೇಡಣ್ಣ. ನಮ್ಮನೇಲಿ ಅವರೆ ಬಿಟ್ಟಿದೀವಿ.”

ನಾರಾಯಣಮ್ಮನ ಕೈಯಲ್ಲಿದ್ದ ನೀರಿನ ಲೋಟ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ನೀರು ತುಳುಕಿ ಬಿಳಿ ಬಟ್ಟೆಯ ಮೇಲೆ ಹರಿಯಿತು.

“ಅವರೆ ಬೇಡ ಅನ್ನೋಕೆ ಈ ತಿಂಗಳಲ್ಲಿ ಬೆಂಗಳೂರಲ್ಲಿ ಯಾಕ್ರೀ ಇರ್ಬೇಕು?” ಎಂದು ಗಂಗಾಧರಯ್ಯ ತನಗೆ ತಾನೇ ಹೇಳಿಕೊಂಡು, ವಾರಿಜಾಳ ಎಲೆಗೆ ಮೂವರ ಪಾಲನ್ನೂ ಸುರಿದು ಹೊರಟುಹೋದ.

ವಾರಿಜಾ ಆ ಸಾರಿಗೆ ಕೈ ಹಾಕಲಿಲ್ಲ. ಅವಳು ಇನ್ನೂ ಆ ಒಂದು ಪದದ ಹತ್ತಿರವೇ ಇದ್ದಳು.

ಬೇಡ ಎನ್ನುವುದು ಬೇರೆ. ಹಿಡಿಸುವುದಿಲ್ಲ ಎನ್ನುವುದು ಬೇರೆ. ಗ್ಯಾಸು ಅಂತೂ ಬೇರೆಯೇ. ‘ಬಿಟ್ಟಿದೀವಿ’ ಎನ್ನುವುದು ದೇವರ ಮುಂದೆ ನಿಂತು ಹೇಳುವ ಮಾತು. ಏನೋ ಒಂದು ಆಗಲಿ, ಅಲ್ಲಿಯ ತನಕ ಇಷ್ಟವಾದದ್ದನ್ನು ಬಾಯಿಗೆ ಮುಟ್ಟಿಸುವುದಿಲ್ಲ ಎಂದು ಹೇಳಿಕೊಂಡವರು ಮಾತ್ರ ಆ ಪದ ಆಡುತ್ತಾರೆ.

ವಾರಿಜಾಳಿಗೆ ಅದು ಗೊತ್ತಿತ್ತು. ಮಗಳ ಮದುವೆಯಾಗುವ ತನಕ ಎಂದು ಅವಳ ತಾಯಿ ಹಲಸಿನಹಣ್ಣು ಬಿಟ್ಟಿದ್ದಳು. ಪ್ರತಿ ಬೇಸಿಗೆಯಲ್ಲೂ ಪಕ್ಕದ ಮನೆಯಿಂದ ತೊಳೆ ಬಂದರೆ ಮಗಳಿಗೆ ಕೊಟ್ಟು, ತಾನು ಕೈ ತೊಳೆದುಕೊಳ್ಳುತ್ತಿದ್ದಳು. ಕೊನೆಗೆ ಹಲಸು ಮುಟ್ಟದೆಯೇ ಹೋದಳು. ಆಮೇಲೆ ವಾರಿಜಾಳೂ ಅದನ್ನು ಮನೆಗೆ ತಂದಿಲ್ಲ. ಒಬ್ಬಳಿಗೆ ಅಷ್ಟು ದೊಡ್ಡ ಹಣ್ಣು ಯಾತಕ್ಕೆ?

“ಯಾವಾಗ ಬಿಟ್ರಿ?” ಎಂದು ಅವಳು ಹಗುರವಾಗಿ ಕೇಳಿದಳು.

“ಏನು ಮೇಡಂ?”

“ಅವರೆ. ಯಾವಾಗಿಂದ ಬಿಟ್ಟಿರೋದು?”

“ಬಹಳ ವರ್ಷ ಆಯ್ತು.” ಅವನು ನಕ್ಕ. “ಅಮ್ಮ ಬಿಟ್ರಲ್ಲ, ಅವಾಗಿಂದ.”

“ಅಮ್ಮ ಯಾಕೆ ಬಿಟ್ರು?”

“ಅಪ್ಪ ನನ್ನ ಎಲೆ ಮುಂದಿಂದ ಎಬ್ಬಿಸಿಬಿಟ್ರು ಮೇಡಂ. ಎಲೆ ಮೇಲೆ ಹಿತಕಿದ ಬೇಳೆ ಸಾರು ಹಾಗೇ ಇತ್ತು. ನಾನು ಹಾಗೇ ಹೊರಟುಹೋದೆ. ನನ್ನ ಮಗ ವಾಪಸ್ಸು ಬಂದು ಇದೇ ಮನೆಯೊಳಗೆ ಕೂತು ಉಣ್ಣೋ ತನಕ ನಾನು ಅವರೆ ಮುಟ್ಟಲ್ಲ ಅಂತ ಅಮ್ಮ…”

ಅವನು ಅಲ್ಲಿಗೆ ಮಾತು ನಿಲ್ಲಿಸಿದ. ನಾಟಕದಲ್ಲಿ ಮಾತು ಮರೆತವರು ಪರದೆಯ ಸಂದಿಯ ಕಡೆ ನೋಡುತ್ತಾರಲ್ಲ, ಹಾಗೆ ನಾರಾಯಣಮ್ಮನ ಕಡೆ ನೋಡಿದ. ನಾರಾಯಣಮ್ಮ ಒದ್ದೆ ಬಟ್ಟೆಯನ್ನು ನೋಡುತ್ತಿದ್ದಳು.

“ನೀವು ಹೊರಟು ಹೋದ್ಮೇಲೆ ತಾನೇ ಅಮ್ಮ ಬಿಟ್ಟಿದ್ದು?” ಎಂದಳು ವಾರಿಜಾ.

ಅವನು ಎಲೆಯ ಅಂಚನ್ನು ಮಡಿಸತೊಡಗಿದ.

“ಹೋದೋರು ಹೋದೋರೇ. ಕಾಗದ ಇಲ್ಲ, ಸುದ್ದಿ ಇಲ್ಲ, ಭಾನುವಾರಾನೇ ಮೊದಲನೇ ಸಲ ಬಂದಿದ್ದು ಅಂದ್ರಿ. ನೀವು ಹೋದ ಮೇಲೆ ಮನೇಲಿ ಏನು ಬಿಟ್ರು ಅಂತ ನಿಮಗೆ ಹೇಗೆ ಗೊತ್ತು?”

“ಅಕ್ಕ ಹೇಳಿದ್ರು.”

“ಇರ್ಲಿ, ಅಕ್ಕಾನೇ ಹೇಳಿದ್ರು ಅಂತ್ಲೇ ಇಟ್ಕೊಳ್ಳೋಣ. ನೀವು ನಿಜವಾದ ಉಗ್ರಪ್ಪ ಆಗಿದ್ರೆ, ಭಾನುವಾರ ಮನೆ ಒಳಗೆ ಕೂತು ಊಟ ಮಾಡಿದ್ರಲ್ಲ, ಅಲ್ಲಿಗೆ ಅಮ್ಮನ ಹರಕೆ ತೀರ್ತು. ಇವತ್ತು ಈ ಊರಲ್ಲಿ ಅವರೆ ತಿನ್ನೋಕೆ ಎಲ್ಲಾರಿಗಿಂತ ಹೆಚ್ಚಿನ ಹಕ್ಕು ಇರೋದು ನಿಮಗೇನೆ. ಎರಡು ಕೈಯಲ್ಲೂ ಬಾಚಿ ತಿನ್ನಬೇಕಾಗಿತ್ತು. ನೀವು ನೋಡಿದ್ರೆ ‘ಬಿಟ್ಟಿದೀವಿ’ ಅಂತೀರಾ. ಯಾರು ಬರ್ಲಿ ಅಂತ ಬಿಟ್ಟಿದೀರಿ ಸ್ವಾಮಿ?”

ಆ ಮನುಷ್ಯನ ಹಣೆಯ ಮೇಲೆ ಬೆವರು ಒಡೆಯಿತು. ಮಾಲೀಕರ ಹಟದ ಪ್ರಕಾರ ಆ ಹಜಾರದಲ್ಲಿ ಸೆಕೆಗೂ ಪ್ರವೇಶವಿಲ್ಲ. ನಾಲ್ಕು ಫ್ಯಾನು ತಿರುಗುತ್ತಿದ್ದವು. ಆದರೂ ಒಡೆಯಿತು.

ವಾರಿಜಾ ಗೆದ್ದಿದ್ದಳು. ಆದರೆ ಮನಸ್ಸಿಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಇನ್ನೂ ಒಂದು ಎಳೆ ಉಳಿದಿತ್ತು. ಅದನ್ನು ಎಳೆಯುವುದು ಅವಳಿಗೆ ಬೇಡವಾಗಿತ್ತು. ಆದರೂ ಎಳೆದಳು.

“ನಾರಾಯಣಮ್ಮನೋರೆ.”

“ಊಂ.”

“ನಿಮಗೆ ಗ್ಯಾಸು ಯಾವಾಗಿಂದ?”

ನಾರಾಯಣಮ್ಮ ಲೋಟವನ್ನು ಆಚೆಗೆ ಸರಿಸಿದಳು.

“ಅಮ್ಮ ಹೋದ್ಮೇಲೆ ಆ ಹರಕೆ ನೀವು ಹಿಡ್ಕೊಂಡ್ರಿ ಅಲ್ವಾ? ತಮ್ಮ ಬಂದ ಅಂತ ಕರ್ಕೊಂಡು ಓಡಾಡ್ತಿದೀರ. ಆದ್ರೆ ಇವತ್ತೂ ಅವರೆ ಮುಟ್ಲಿಲ್ಲ. ಊರಿಗೆಲ್ಲ ತಮ್ಮ ಅಂತ ಹೇಳ್ಬೋದು, ದೇವರಿಗೆ ಹೇಳೋಕಾಗ್ಲಿಲ್ಲ. ಇವರು ನಿಮ್ಮ ತಮ್ಮ ಅಲ್ಲ ಅಂತ ಮೊದಲಿಂದಾನೂ ನಿಮಗೆ ಗೊತ್ತು.”

ವೀಣೆಯ ಟೇಪು ಮುಗಿದು ಟಕ್ಕೆಂದು ನಿಂತಿತು. ಅಷ್ಟು ದೊಡ್ಡ ಹಜಾರದಲ್ಲಿ ಇವರ ಮೇಜು ಬಿಟ್ಟರೆ ಉಳಿದದ್ದೆಲ್ಲ ಬಿಳಿ ಬಟ್ಟೆ ಹೊದ್ದ ಖಾಲಿ ಮೇಜು.

ನಾರಾಯಣಮ್ಮ ಅಳಲಿಲ್ಲ. ಸೆರಗಿನಿಂದ ಮೇಜಿನ ಮೇಲಿನ ನೀರನ್ನು ಒರೆಸತೊಡಗಿದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು.

“ಬನಶಂಕರಿ ಬಸ್ ಸ್ಟಾಪಲ್ಲಿ ಸಿಕ್ದ ಕಣವ್ವ,” ಎಂದಳು. “ನಾನು ಬುಟ್ಟಿ ಇಟ್ಕಂಡು ಕುಂತಿದ್ದೆ. ‘ಅಕ್ಕಾ, ಈ ಬಸ್ಸು ಸಾರಕ್ಕಿಗೆ ಹೋಯ್ತದಾ’ ಅಂದ. ಎಲ್ರೂವೆ ಅಮ್ಮಾ ಅಂತಾರೆ, ಅಜ್ಜೀನೂ ಅಂತಾರೆ ಈಚೀಚೆಗೆ. ಅಕ್ಕಾ ಅಂದೋರು ಯಾರೂ ಇರ್ಲಿಲ್ಲ. ಅದು ಕಿವೀಲಿ ಕುಂತ್ಬುಡ್ತು. ಅವತ್ತೆಲ್ಲಾ ಕಿವೀಲೇ ಇತ್ತು.”

“ಆಮೇಲೆ?”

“ಆಮೇಲೇನು. ಎರಡು ದಿನ ಬಿಟ್ಟು ಅಲ್ಲೇ ಮತ್ತೆ ಸಿಕ್ದ. ಕಂಪನಿ ನಾಟಕದಲ್ಲಿ ಪಾರ್ಟು ಮಾಡ್ತಿದ್ನಂತೆ, ಕಂಪನಿ ಮುಚ್ಚೋಯ್ತಂತೆ. ಯಲ್ಲಯ್ಯ ಅಂತ ಹೆಸರು. ‘ಒಂದು ಪಾರ್ಟು ಐತೆ, ಮಾಡ್ತೀಯೇನಪ್ಪಾ’ ಅಂದೆ. ಬಾವಿ ವಿಷ್ಯ, ಎತ್ತಿನ ಹೆಸರು, ಎಲ್ಲಾ ನಾನೇ ಕುಂತು ಹೇಳ್ಕೊಟ್ಟೆ. ಹುಬ್ಬಿನ ಗಾಯ ಅವಂದೇ, ಕಥೆ ನಂದು.” ಅವಳ ತುಟಿಯ ಕೊನೆಯಲ್ಲಿ ಒಂದು ನಗು ಬಂದು ಹೋಯಿತು. “ಸಂದಾಗಿ ಕಲ್ತ್ಕಂಡ.”

“ತಿಮ್ಮರಾಯಪ್ಪ ಪತ್ತೇದಾರಿ ಇಡೋಣ ಅಂದಾಗ ಯಾಕೆ ಒಪ್ಕೊಂಡ್ರಿ?”

“ನೀವು ಹೆಣ್ಣು ಗಂಡು ನೋಡೋರಲ್ವ್ರಾ ಮೇಡಮ್ಮೋರೆ? ಬೀದೀಲಿ ನಾಕು ಜನಾನ ಕೇಳಿ ಹ್ಞೂಂ ಅಂದ್ಬುಡ್ತೀರಿ ಅಂದ್ಕಂಡೆ. ಸಾರಿನ ತಪ್ಪಲೆ ಒಳಗೆ ಇಳೀತೀರಿ ಅಂತ ಯಾರಿಗೆ ಗೊತ್ತು?”

ವಾರಿಜಾಳಿಗೆ ನಗು ಬಂತು. ಆಫೀಸಿನಲ್ಲಿ ತನ್ನ ಛತ್ರಿಯ ಜೊತೆ ತಾನು ಆಡುವ ಮಾತುಗಳು ಅವಳಿಗೆ ನೆನಪಾದವು. ಈ ಹೆಂಗಸು ತನಗಿಂತ ಧೈರ್ಯವಂತೆ. ತನಗೆ ಬೇಕಾದವರನ್ನು ಬಸ್ ಸ್ಟಾಪಿನಿಂದ ಎತ್ತಿಕೊಂಡು ಬಂದಳು.

“ತಪ್ಪು ನಂದೇ ಮೇಡಂ,” ಎಂದ ಯಲ್ಲಯ್ಯ. ಈಗ ಅವನ ದನಿಯೇ ಬೇರೆಯಾಗಿತ್ತು. “ಮಾತು ಜಾಸ್ತಿ ಆಯ್ತು. ಕಂಪನೀಲೂ ಹಿಂಗೇ, ಇಲ್ಲದ ಡೈಲಾಗ್ ಸೇರಿಸ್ತೀಯ ಅಂತ ಬೈಸ್ಕೊಳ್ತಿದ್ದೆ.”

“ಇಲ್ಲದ ಡೈಲಾಗ್ ಏನಲ್ಲ ಬಿಡಿ. ಅವರೆ ವಿಷ್ಯ ನಾರಾಯಣಮ್ಮನೋರೇ ಹೇಳ್ಕೊಟ್ಟಿದ್ದು ತಾನೇ?”

“ಇಲ್ಲ,” ಎಂದಳು ನಾರಾಯಣಮ್ಮ.

ಅವಳ ಕೈ ಒರೆಸುವುದನ್ನು ನಿಲ್ಲಿಸಿತ್ತು.

“ಅದು ನಾನು ಹೇಳ್ಕೊಟ್ಟಿಲ್ಲ. ಯಾರ್ಗೂ ಹೇಳಿಲ್ಲ. ನಮ್ಮವ್ವ ಪ್ರಾಣ ಬಿಡೋವಾಗ ನನ್ನ ಕಿವೀಲಿ ಹೇಳಿದ್ದು. ನಮ್ಮೆಜಮಾನ್ರಿಗೂ ಗ್ಯಾಸು ಅಂತ್ಲೇ ಹೇಳಿದ್ದೆ. ಹರಕೆ ಬಾಯಿಂದ ಆಚೆಗೆ ಬಂದ್ರೆ ಫಲ ಇಲ್ಲ ಅಂತ.” ಅವಳು ನಿಧಾನವಾಗಿ ಯಲ್ಲಯ್ಯನ ಕಡೆ ತಿರುಗಿದಳು. “ನೀನು ಬ್ಯಾಡಣ್ಣ ಅಂದಾಗ ನನ್ನ ಎದೆ ನಿಂತೋಯ್ತು ಕಣಪ್ಪ. ನಿಂಗ್ಯಾರು ಹೇಳಿದ್ದು?”

ಯಲ್ಲಯ್ಯ ಎದ್ದು ನಿಂತ. ಓಡುತ್ತಾನೇನೋ ಎಂದು ವಾರಿಜಾ ಕುರ್ಚಿ ಹಿಂದಕ್ಕೆ ಸರಿಸಿದಳು. ಅವನು ಓಡಲಿಲ್ಲ. ಕುರ್ಚಿಯ ಮೇಲೆ ಕೂತು ಹೇಳುವ ಮಾತಲ್ಲವೆಂದೋ ಏನೋ, ನಿಂತುಕೊಂಡೇ ಹೇಳಿದ.

“ಅಮ್ಮಾ, ಬನಶಂಕರಿ ಬಸ್ ಸ್ಟಾಪಲ್ಲಿ ನಾನು ನಿಮ್ಮ ಕಣ್ಣಿಗೆ ಬಿದ್ದಿದ್ದಲ್ಲ. ನಿಮ್ಮನ್ನ ಹುಡುಕ್ಕೊಂಡೇ ಬಂದಿದ್ದೆ. ಅಕ್ಕಾ ಅಂತ ಕರಿ, ಅಷ್ಟೇ ಸಾಕು, ಮಿಕ್ಕಿದ್ದು ಅವಳೇ ಮಾಡ್ತಾಳೆ ಅಂತ ಹೇಳಿ ಕಳಿಸಿದ್ರು.”

“ಯಾರು?”

“ಉಗ್ರಪ್ಪನೋರು.”

ನಾರಾಯಣಮ್ಮನ ಬಾಯಿ ತೆರೆಯಿತು.

“ಬದುಕಿದಾರೆ ಅಮ್ಮಾ. ನಂಗೆ ಪರಿಚಯ ಆಗಿ ವರ್ಷದ ಮೇಲಾಯ್ತು, ಒಂದೇ ರೂಮಲ್ಲಿರ್ತೀವಿ. ನೀವು ಒಬ್ರೇ ಇದೀರ, ಮನೆಗೆ ಬೀಗ ಹಾಕಿಸ್ತಾರಂತೆ ಅಂತ ಅವ್ರ ಕಿವಿಗೆ ಬಿತ್ತು. ‘ನಾನು ಹೋಗೋ ಹಾಗಿಲ್ಲ ಯಲ್ಲಯ್ಯ, ನನ್ನ ಬದಲು ನೀನು ಹೋಗು. ಅವಳಿಗೆ ಒಬ್ಬ ತಮ್ಮ ಬೇಕು’ ಅಂದ್ರು. ಅವರೆ ವಿಷ್ಯ ಅವ್ರೇ ಹೇಳಿದ್ದು. ಒಂದ್ಸಲ ಬಂದಿದ್ರಂತೆ, ನಿಮ್ಮ ತಾಯಿ ಇದ್ದಾಗ. ಹಿತ್ತಲ ಬಾಗಿಲಲ್ಲಿ ಅಮ್ಮನ ಕೈ ಹಿಡ್ಕೊಂಡು ಮಾತಾಡಿ, ಒಳಕ್ಕೆ ಬರ್ದೆ ಹೋದ್ರಂತೆ.”

“ಹಿತ್ತಲಿಗೆ ಬಂದಿದ್ನಾ?” ನಾರಾಯಣಮ್ಮನ ದನಿ ಎಲ್ಲೋ ಬಾವಿಯ ತಳದಿಂದ ಬಂದ ಹಾಗಿತ್ತು. “ನಾನು ಒಳಗೇ ಇದ್ನಲ್ಲೋ. ಒಲೆ ಮುಂದೇನೆ ಇದ್ದೆ. ಒಂದು ಸಲ ಅಕ್ಕಾ ಅಂದಿದ್ರೆ ಕೇಳಿಸ್ತಿತ್ತು.”

ಗಂಗಾಧರಯ್ಯ ದೂರದಲ್ಲಿ ಸೀಬೆಹಣ್ಣಿನ ತಟ್ಟೆ ಹಿಡಿದು ನಿಂತಿದ್ದವನು, ಈ ಕಡೆ ಬರುವುದೋ ಬೇಡವೋ ತಿಳಿಯದೆ ವಾಪಸ್ಸು ಅಡುಗೆಮನೆಗೆ ಹೋದ.

“ಈಗ ಎಲ್ಲಿದಾನೆ?”

“ಹೇಳಲ್ಲ ಅಂತ ಆಣೆ ಮಾಡಿದೀನಿ.”

“ಯಾಕೆ ಬರಲ್ವಂತೆ? ನನ್ನ ಮೇಲೆ ಏನು ಕೋಪ?”

“ಕೋಪ ಅಲ್ಲಮ್ಮ. ಅವ್ರಿಗೆ…”

ಯಲ್ಲಯ್ಯ ತಟ್ಟನೆ ಬಾಯಿ ಮುಚ್ಚಿ ಕುರ್ಚಿಯ ಮೇಲೆ ಕುಸಿದ. ಅವನ ನೋಟ ಬಾಗಿಲ ಕಡೆಗಿತ್ತು.

ತಿಮ್ಮರಾಯಪ್ಪ ಬರುತ್ತಿದ್ದ. ಸಫಾರಿ ಸೂಟು, ಕೈಯಲ್ಲಿ ರಾಜದೂತ್ ಬೈಕಿನ ಕೀಲಿ. ಆ ಕೀಲಿಯನ್ನು ಬೆರಳಲ್ಲಿ ಎಷ್ಟು ಜೋರಾಗಿ ತಿರುಗಿಸುತ್ತಿದ್ದನೆಂದರೆ ಇನ್ನು ಸ್ವಲ್ಪ ತಿರುಗಿಸಿದ್ದರೆ ಅವನೇ ನೆಲ ಬಿಟ್ಟು ಮೇಲೇಳುತ್ತಿದ್ದ.

“ಏನ್ ದೊಡ್ಡಮ್ಮ, ಊಟ ಜೋರಾ? ಸಖತ್ ಹೋಟ್ಲು ಮೇಡಂ, ಬಿಲ್ಡಿಂಗಿಗೆ ಸಿಮೆಂಟು ನಂದೇ.” ಕುರ್ಚಿ ಎಳೆದುಕೊಂಡು ಕೂತ. “ಹೇಳಿ ಮೇಡಂ. ಟೆನ್ಷನ್ ಬೇಡ. ಹೌದಾ, ಅಲ್ವಾ? ಅಲ್ಲ ಅಂದ್ರೆ ಹೊರಗೆ ಇಬ್ರು ಕಾನ್‌ಸ್ಟೇಬಲ್‌ಗಳನ್ನ ಕರ್ಕೊಂಡು ಬಂದಿದೀನಿ. ನೀಟಾಗಿ ಕರ್ಕೊಂಡು ಹೋಗ್ತಾರೆ.”

ವಾರಿಜಾ ಯಲ್ಲಯ್ಯನನ್ನು ನೋಡಿದಳು. ಅಲ್ಲ ಎಂದರೆ ಈ ಮನುಷ್ಯ ಲಾಕಪ್ಪಿಗೆ. ಅವನ ಜೊತೆಗೆ ಉಗ್ರಪ್ಪನಿರುವ ಜಾಗದ ಗುಟ್ಟೂ ಲಾಕಪ್ಪಿಗೆ. ನಾರಾಯಣಮ್ಮ ಸಿಮೆಂಟ್ ಚೀಲಗಳ ಹಿಂದಿನ ಕೋಣೆಗೆ.

ಮೇಜಿನ ಕೆಳಗೆ ನಾರಾಯಣಮ್ಮನ ಒದ್ದೆ ಕೈ ಬಂದು ವಾರಿಜಾಳ ಮಣಿಕಟ್ಟನ್ನು ಹಿಡಿದುಕೊಂಡಿತು. ಹಾಗೆ ಯಾರೂ ಹಿಡಿಯದೆ ವಾರಿಜಾಳಿಗೆ ಎಷ್ಟು ಕಾಲವಾಗಿತ್ತೋ.

ಇಷ್ಟು ವರ್ಷಗಳಲ್ಲಿ ಅವಳು ಕುಡುಕನನ್ನು ಕುಡುಕ ಎಂದಿದ್ದಳು, ಸಾಲಗಾರನನ್ನು ಸಾಲಗಾರ ಎಂದಿದ್ದಳು, ಸುಳ್ಳು ಮಾತ್ರ ಹೇಳಿರಲಿಲ್ಲ.

“ಹೌದು,” ಎಂದಳು ವಾರಿಜಾ. “ಎಲ್ಲಾ ವಿಚಾರಿಸಿ ನೋಡ್ದೆ. ಇವರೇ ಉಗ್ರಪ್ಪ. ಅನುಮಾನವೇ ಇಲ್ಲ.”

ಕೀಲಿ ತಿರುಗುವುದು ನಿಂತಿತು.

“ಏನಂದ್ರಿ?”

“ಇವರೇ ನಿಮ್ಮ ದೊಡ್ಡಮ್ಮನ ತಮ್ಮ. ಬರೆದೂ ಕೊಡ್ತೀನಿ.”

ತಿಮ್ಮರಾಯಪ್ಪನ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು. ಎದ್ದ ಭರಕ್ಕೆ ಅವನ ಕುರ್ಚಿ ಉರುಳಿ ಬಿದ್ದು ಹಜಾರವೆಲ್ಲ ಮಾರ್ದನಿಸಿತು.

“ತಲೆ ಕೆಟ್ಟಿದೆಯೇನ್ರೀ ನಿಮಗೆ? ಇವನು ಉಗ್ರಪ್ಪನಾ? ನೋಡ್ರೀ, ನೋಡ್ರೀ ಹೆಂಗೆ ನನ್ನ ಮುಖಾನೇ ಗುರಾಯಿಸ್ಕೊಂಡು ಕೂತಿದಾನೆ! ಉಗ್ರಪ್ಪಂಗೆ ಎರಡು ಕಣ್ಣೂ ಕಾಣಲ್ಲ!”

ಯಲ್ಲಯ್ಯ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ತಿಮ್ಮರಾಯಪ್ಪ ಬಾಯಿ ತೆರೆದುಕೊಂಡೇ ನಿಂತಿದ್ದ. ಹೊರಗೆ ಹೋದ ಮಾತನ್ನು ಮತ್ತೆ ಒಳಗೆ ಎಳೆದುಕೊಳ್ಳಲು ನೋಡುತ್ತಿದ್ದಂತೆ ಅವನ ಗಂಟಲು ಆಡಿತು.

ನಾರಾಯಣಮ್ಮ ವಾರಿಜಾಳ ಕೈ ಬಿಟ್ಟು ಎದ್ದಳು. ಬರಿಗಾಲಲ್ಲಿ ಮೇಜು ಬಳಸಿಕೊಂಡು ಹೋಗಿ ಅವನ ಎದುರು ನಿಂತಳು.

“ನನ್ನ ತಮ್ಮ ಮನೆ ಬಿಟ್ಟು ಹೋಗೋವಾಗ ಅವನ ಕಣ್ಣು ನೆಟ್ಟಗಿದ್ವು ಕಣೋ ತಿಮ್ಮ,” ಎಂದಳು. “ನೀನು ಅವನ್ನ ಎಲ್ಲಿ ನೋಡ್ದೆ?”